‘ಬೆರಳಿಗೆ ಶಾಯಿಯೂ ಇಲ್ಲವಂತೆ, ಆ ಎಣಿಕೆಯನ್ನು ನಂಬುವುದು ಹೇಗೆ?’

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಒಂಬತ್ತು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಮಗಳು ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಕಳೆದ ವರ್ಷ ಅವಳಿಗೆ ಅಮೆರಿಕದ ಪೌರತ್ವ ಸಿಕ್ಕಿತು. 2026ರ ನವೆಂಬರ್‌ನಲ್ಲಿ ಅವಳ ಮೊದಲ ಮತ. ಅಳಿಯನದು ಇನ್ನೂ ಗ್ರೀನ್ ಕಾರ್ಡ್. 2020ರಲ್ಲಿ ಭಾರಿ ಮೋಸ ನಡೆಯಿತು ಎನ್ನುತ್ತಾನೆ ಅವನು. ಬಡವರ ಮತ ತಡೆಯುವವರೇ ಹಾಗೆ ಕೂಗುತ್ತಾರೆ ಎನ್ನುತ್ತಾಳೆ ಇವಳು. ನಾನು ಮೂರು ತಿಂಗಳು ಅಲ್ಲಿದ್ದೆ, ಊಟದ ಹೊತ್ತಿನಲ್ಲಿ ಇಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ. ಗುರುತಿನ ಚೀಟಿ ಕೇಳುವುದಿಲ್ಲವಂತೆ, ಬೆರಳಿಗೆ ಶಾಯಿಯೂ ಇಲ್ಲವಂತೆ, ಮತಪತ್ರ ಅಂಚೆಯಲ್ಲಿ ಬರುತ್ತದಂತೆ, ಎಣಿಕೆ ದಿನಗಟ್ಟಲೆ ನಡೆಯುತ್ತದಂತೆ. ಇದನ್ನು ನಂಬುವುದು ಹೇಗೆ? ಸಾಲದ್ದಕ್ಕೆ ಇವಳು ಮತಗಟ್ಟೆ ಸಿಬ್ಬಂದಿಯಾಗಿ ಹೆಸರು ಕೊಡುತ್ತೇನೆ ಎನ್ನುತ್ತಿದ್ದಾಳೆ. ಅಲ್ಲಿ ಅಂಥವರಿಗೆ ಬೆದರಿಕೆ ಬರುತ್ತದೆ ಎಂದು ಓದಿದ್ದೇನೆ. ಬೇಡ ಎನ್ನಲೇ?

ಉತ್ತರ: ಮತಗಟ್ಟೆಯ ಕೆಲಸ ಬಲ್ಲವರಿಂದ ಇಂಥ ಪ್ರಶ್ನೆ ಬರುವುದು ಅಪರೂಪ. ಪೆನ್ಸಿಲ್ವೇನಿಯಾದ ಕಾಲೇಜೊಂದರಲ್ಲಿ ಅಮೆರಿಕದ ಚುನಾವಣಾ ರಾಜಕೀಯ ಪಾಠ ಮಾಡಿ ನಿವೃತ್ತನಾದವನು ನಾನು. ಆರು ಚುನಾವಣೆಗಳಲ್ಲಿ ಅಲ್ಲಿನ ಮತಗಟ್ಟೆಯ ಮೇಜಿನ ಹಿಂದೆ ಕೂತಿದ್ದೇನೆ ಕೂಡ. ನಿಮ್ಮ ಪತ್ರದಲ್ಲಿ ಎರಡು ಅನುಮಾನಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಎಣಿಕೆ ಸರಿಯೇ ಎನ್ನುವುದು ಒಂದು. ಸರಿಯಿದ್ದರೂ ಸೋತವರು ಏಕೆ ಒಪ್ಪುತ್ತಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿ ಉತ್ತರವಿದೆ. ಕಷ್ಟವಿರುವುದು ಎರಡನೆಯದರಲ್ಲಿ.

ಶಾಯಿಯಿಂದಲೇ ಶುರು ಮಾಡೋಣ, ಅದು ನಿಮ್ಮ ಊರಿನದು. 1962ರಿಂದ ಭಾರತದ ಬೆರಳುಗಳಿಗೆ ಮೈಸೂರಿನ ಕಾರ್ಖಾನೆಯ ಶಾಯಿ. ಅಮೆರಿಕದಲ್ಲಿ ಶಾಯಿಯ ಬದಲು ‘ನಾನು ಮತ ಹಾಕಿದೆ’ ಎಂಬ ಸ್ಟಿಕರ್ ಕೊಡುತ್ತಾರೆ, ಅದು ಬರೀ ಸಂಭ್ರಮಕ್ಕೆ. ಒಬ್ಬನೇ ಎರಡು ಸಲ ಬರದಂತೆ ತಡೆಯುವ ಕೆಲಸ ಅಲ್ಲಿ ಮತದಾರರ ಪುಸ್ತಕದ್ದು. ನೋಂದಣಿಯ ಹೊತ್ತಿಗೇ ಚಾಲನಾ ಪರವಾನಗಿಯ ಸಂಖ್ಯೆಯನ್ನೋ ಸಾಮಾಜಿಕ ಭದ್ರತಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೋ ಪಡೆದು ತಾಳೆ ನೋಡಬೇಕು ಎಂದು 2002ರ ಕಾನೂನು ಹೇಳುತ್ತದೆ. ಮತಗಟ್ಟೆಯಲ್ಲಿ ಗುರುತಿನ ದಾಖಲೆ ಕೇಳುವುದು ಬಿಡುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬಹುಪಾಲು ರಾಜ್ಯಗಳು ಕೇಳುತ್ತವೆ. ಪೆನ್ಸಿಲ್ವೇನಿಯಾ ಒಂದು ಮತಗಟ್ಟೆಗೆ ಮೊದಲ ಸಲ ಬಂದವರನ್ನು ಮಾತ್ರ ಕೇಳುತ್ತದೆ, ಆಮೇಲೆ ಸಹಿ ಸಾಕು. ನಿಮ್ಮ ಮಗಳು ಮೊದಲ ಸಲದವಳು, ಚೀಟಿ ಒಯ್ಯಲಿ.

ಇನ್ನು ಎಣಿಕೆ. 2022ರ ನವೆಂಬರ್, ಒಂದು ಶಾಲೆಯ ವ್ಯಾಯಾಮ ಕೋಣೆ, ರಾತ್ರಿ ಎಂಟು ಗಂಟೆ. ನಮ್ಮ ಮತಗಟ್ಟೆಯಲ್ಲಿ ಒಬ್ಬ ಮುಖ್ಯಾಧಿಕಾರಿ, ಜೊತೆಗೆ ಇಬ್ಬರು ಇನ್‌ಸ್ಪೆಕ್ಟರುಗಳು. ಪೆನ್ಸಿಲ್ವೇನಿಯಾದಲ್ಲಿ ಈ ಮೂವರೂ ಆ ಬಡಾವಣೆಯ ಮತದಾರರಿಂದಲೇ ಚುನಾಯಿತರಾಗುವವರು, ಮತ್ತು ಇಬ್ಬರು ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರು ಬಹುಮತದ ಪಕ್ಷದವರು, ಇನ್ನೊಬ್ಬರು ಅಲ್ಪಮತದ ಪಕ್ಷದವರು. ಒಬ್ಬರು ನಿವೃತ್ತ ಬಸ್ ಚಾಲಕ, ಇನ್ನೊಬ್ಬರು ದಾದಿ. ಕ್ರಮಸಂಖ್ಯೆಯ ಪಟ್ಟಿಯಲ್ಲಿ 1,143 ಹೆಸರು. ಸ್ಕ್ಯಾನರ್ ನುಂಗಿದ ಮತಪತ್ರ 1,142. ಒಂದು ಎಲ್ಲಿ? ಕೆಟ್ಟುಹೋದ ಮತಪತ್ರಗಳ ಲಕೋಟೆ ನೋಡಿದೆವು. ಸ್ಕ್ಯಾನರಿನ ಹೊಟ್ಟೆ ತೆಗೆದು ನೋಡಿದೆವು. ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಒಂದೂ ಮುಕ್ಕಾಲು ಗಂಟೆಯಾದ ಮೇಲೆ ದಾದಿಯ ಕಣ್ಣಿಗೆ ಬಿತ್ತು: ಪುಟ ತಿರುಗಿಸುವ ಭರದಲ್ಲಿ ಒಬ್ಬರ ಹೆಸರನ್ನೇ ಈ ಪುಟದ ಕೊನೆಗೂ ಮುಂದಿನ ಪುಟದ ತಲೆಗೂ ಬರೆದಿದ್ದೆವು. ಷರಾ ಬರೆದು ಎಲ್ಲರೂ ಸಹಿ ಹಾಕಿದೆವು. ಸ್ಕ್ಯಾನರಿನಿಂದ ದಿನಸಿ ಅಂಗಡಿಯ ಬಿಲ್ಲಿನಂತೆ ಉದ್ದನೆಯ ಚೀಟಿ ಹೊರಬಂತು. ಅದರ ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಮನೆಗೆ ಹೋದಾಗ ರಾತ್ರಿ ಹನ್ನೊಂದಾಗಿತ್ತು.

ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ ಬರೆಯುವ ನಮೂನೆ 17ಸಿ ನಿಮಗೆ ಗೊತ್ತು. ಅದನ್ನು ತುಂಬಿ ಏಜೆಂಟರಿಗೆ ಕೊಡುವವರೆಗೆ ಕದಲುವಂತಿಲ್ಲ ಎನ್ನುವುದೂ ಗೊತ್ತು. ನಾವು ಬಾಗಿಲಿಗೆ ಅಂಟಿಸಿದ ಚೀಟಿ ಆ 17ಸಿಯ ಸಂಬಂಧಿಕನೇ. ಇಡೀ ದೇಶದಲ್ಲಿ ಈಗ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮತಗಳಿಗೆ ಕಾಗದದ ಆಧಾರವಿದೆ. ಯಂತ್ರ ತಪ್ಪಿದರೆ ಕೈಯಲ್ಲಿ ಎಣಿಸಬಹುದು.

ತಡವಾಗುವುದಕ್ಕೆ ಕಾರಣ ಲಕೋಟೆ. ಅಂಚೆಯಲ್ಲಿ ಬಂದ ಪ್ರತಿಯೊಂದು ಮತಕ್ಕೂ ಎರಡು ಲಕೋಟೆ: ಹೊರಗಿನದರ ಮೇಲೆ ಸಹಿ, ಒಳಗಿನದು ಗುಟ್ಟಿಗೆ. ಎರಡನ್ನೂ ಒಡೆದು, ಮಡಿಕೆ ಬಿಡಿಸಿ, ಸ್ಕ್ಯಾನ್ ಮಾಡಬೇಕು. ಫ್ಲಾರಿಡಾದಲ್ಲಿ ಈ ಕೆಲಸವನ್ನು ವಾರಗಳ ಮೊದಲೇ ಶುರು ಮಾಡಲು ಕಾನೂನು ಬಿಡುತ್ತದೆ. ಅಲ್ಲಿ ಫಲಿತಾಂಶ ಬಹುಮಟ್ಟಿಗೆ ಅದೇ ರಾತ್ರಿ. ಪೆನ್ಸಿಲ್ವೇನಿಯಾದಲ್ಲಿ ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಒಂದು ಲಕೋಟೆಯನ್ನೂ ಒಡೆಯುವಂತಿಲ್ಲ. 2020ರಲ್ಲಿ ಅಲ್ಲಿ ಸುಮಾರು 26 ಲಕ್ಷ ಅಂಚೆ ಮತಗಳು ಬಂದವು. ಅಂಚೆ ಮತವನ್ನು ನಂಬಬೇಡಿ ಎಂದು ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರಿಂದ ಅವರ ಕಡೆಯವರು ಹೆಚ್ಚಾಗಿ ಮತಗಟ್ಟೆಗೇ ಹೋದರು, ಬೈಡನ್ ಕಡೆಯವರು ಅಂಚೆ ಹಿಡಿದರು. ಮತಗಟ್ಟೆಯ ಮತಗಳು ಮೊದಲು ಎಣಿಕೆಯಾದವು, ಟ್ರಂಪ್ ಮುಂದಿದ್ದರು. ಲಕೋಟೆಗಳು ಒಡೆಯುತ್ತ ಹೋದಂತೆ ಅಂತರ ಕರಗಿ, ಮಂಗಳವಾರದ ಮತದಾನದ ಗೆಲುವು ಶನಿವಾರ ಬೈಡನ್ ಪಾಲಾಯಿತು. ಹೀಗಾಗುತ್ತದೆ ಎಂದು ನಮ್ಮಂಥವರು ಮೊದಲೇ ಹೇಳಿದ್ದೆವು. ಆದರೆ ಟಿವಿಯ ಮುಂದೆ ಮಂಗಳವಾರ ಗೆದ್ದು ಮಲಗಿ, ಶನಿವಾರ ಸೋತು ಎದ್ದವರಿಗೆ ಲಕೋಟೆಯ ಲೆಕ್ಕ ಹೇಳಿದರೆ ಕೇಳುವ ಮನಸ್ಸಿರುವುದಿಲ್ಲ. ಒಂದು ರಾಜ್ಯದ ಶಾಸನಸಭೆ ಒಂದು ಸಾಲು ತಿದ್ದಿದರೆ ಮುಗಿಯುವ ಸಮಸ್ಯೆ ಇದು. ಎರಡು ಪಕ್ಷಗಳೂ ಬೇರೆ ಬೇರೆ ಚೌಕಾಸಿಗೆ ಅದನ್ನು ಒತ್ತೆ ಇಟ್ಟುಕೊಂಡು ಕೂತಿವೆ. ನನಗೆ ಇದು ಅಕ್ಷಮ್ಯ ಎನಿಸುತ್ತದೆ.

ಮೋಸ ನಡೆಯುವುದೇ ಇಲ್ಲ ಎಂದು ನಿಮ್ಮ ಮಗಳು ಹೇಳಿದರೆ ಅದೂ ತಪ್ಪು. 2018ರಲ್ಲಿ ಉತ್ತರ ಕ್ಯಾರೊಲಿನಾದ 9ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ 905 ಮತಗಳಿಂದ ಮುಂದಿದ್ದರು. ಅವರ ಪರ ಕೆಲಸ ಮಾಡಿದ ಒಬ್ಬ ದಳ್ಳಾಳಿಯ ಹುಡುಗರು ಮನೆಮನೆಗೆ ಹೋಗಿ ಅಂಚೆ ಮತಪತ್ರಗಳನ್ನು ಕೈವಶ ಮಾಡಿಕೊಂಡಿದ್ದರು. ರಾಜ್ಯದ ಚುನಾವಣಾ ಮಂಡಳಿ ಫಲಿತಾಂಶವನ್ನು ಒಪ್ಪದೆ ಮರುಚುನಾವಣೆ ನಡೆಸಿತು. 2023ರಲ್ಲಿ ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಮೇಯರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ ನಡೆದಾಗ ಕಂತೆಗಟ್ಟಲೆ ಮತಪತ್ರಗಳನ್ನು ಪೆಟ್ಟಿಗೆಗೆ ಹಾಕುವವರು ಕ್ಯಾಮೆರಾಕ್ಕೆ ಸಿಕ್ಕಿಬಿದ್ದರು. ನ್ಯಾಯಾಧೀಶರು ಆ ಚುನಾವಣೆಯನ್ನು ರದ್ದು ಮಾಡಿದರು. ಇವೆರಡರಲ್ಲೂ ಗಮನಿಸಬೇಕಾದ್ದು ಅಳತೆ. ಸಣ್ಣ ಅಂತರದ, ಒಂದು ಊರಿನ ಅಥವಾ ಒಂದು ಕ್ಷೇತ್ರದ ಚುನಾವಣೆಯಲ್ಲೇ ಕಳ್ಳನ ಹೆಜ್ಜೆ ಮೂಡಿಬಿಟ್ಟಿತು. ಚುನಾವಣೆ ನಡೆಸುವ ಸುಮಾರು ಹತ್ತು ಸಾವಿರ ಸ್ಥಳೀಯ ಕಚೇರಿಗಳಿರುವ ದೇಶದಲ್ಲಿ, ಹಲವು ರಾಜ್ಯಗಳಲ್ಲಿ ಒಟ್ಟಿಗೆ, ಸಾವಿರಾರು ಮತ ಕದ್ದು ಯಾರಿಗೂ ಸಿಗದೆ ಇರುವುದು ಬೇರೆಯೇ ಮಾತು.

ಹಾಗೆ ನಡೆಯಿತು ಎನ್ನುವ 2020ರ ಆಪಾದನೆಯನ್ನು ಅಳೆದಷ್ಟು ಅಮೆರಿಕದ ಇನ್ಯಾವ ಚುನಾವಣೆಯನ್ನೂ ಅಳೆದಿಲ್ಲ. ಜಾರ್ಜಿಯಾದಲ್ಲಿ ಅಂತರ 11,779. ಅಲ್ಲಿ ಸುಮಾರು 50 ಲಕ್ಷ ಮತಗಳನ್ನು ಮೂರು ಸಲ ಎಣಿಸಿದರು, ಅದರಲ್ಲಿ ಒಂದು ಸಲ ಪೂರ್ತಿ ಕೈಯಲ್ಲೇ. ಎಣಿಕೆಯ ಮೇಲ್ವಿಚಾರಣೆ ರಿಪಬ್ಲಿಕನ್ ಪಕ್ಷದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರದು. ‘11,780 ಮತ ಹುಡುಕಿಕೊಡಿ’ ಎಂದು ಸ್ವತಃ ಅಧ್ಯಕ್ಷರು ಫೋನ್ ಮಾಡಿದರೂ ಅವರು ಅಲುಗಲಿಲ್ಲ. ಅರಿಝೋನಾದ ಮರಿಕೋಪಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಆ ರಾಜ್ಯದ ರಿಪಬ್ಲಿಕನ್ ಸೆನೆಟರುಗಳೇ ಖಾಸಗಿ ಸಂಸ್ಥೆಯಿಂದ ಮರುಪರಿಶೀಲನೆ ಮಾಡಿಸಿದರು. ತಿಂಗಳುಗಳ ನಂತರ ಸಿಕ್ಕ ಉತ್ತರ: ಬೈಡನ್‌ಗೆ 99 ಮತ ಹೆಚ್ಚು, ಟ್ರಂಪ್‌ಗೆ 261 ಕಡಿಮೆ. 60ಕ್ಕೂ ಹೆಚ್ಚು ಮೊಕದ್ದಮೆಗಳು ಬಿದ್ದುಹೋದವು, ಟ್ರಂಪ್ ನೇಮಿಸಿದ ನ್ಯಾಯಾಧೀಶರ ಮುಂದೆಯೂ. ಮತಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿಯ ಬಗ್ಗೆ ಸುಳ್ಳು ಬಿತ್ತರಿಸಿದ ದಾವೆಯಲ್ಲಿ ಫಾಕ್ಸ್ ನ್ಯೂಸ್ 2023ರಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಅಳಿಯ ಈ ಯಾವುದನ್ನೂ ಕೇಳಿಲ್ಲ ಎಂದುಕೊಳ್ಳಬೇಡಿ. ಕೇಳಿರುತ್ತಾರೆ, ಮನಸ್ಸಿಗೆ ಇಳಿದಿರುವುದಿಲ್ಲ.

ಏಕೆ ಇಳಿಯುವುದಿಲ್ಲ? ನಾನು ಪಾಠದಲ್ಲಿ ಮತ್ತೆ ಮತ್ತೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಎರಡು ಸಂಖ್ಯೆಗಳಿವೆ. ಚುನಾವಣೆ ಚೆನ್ನಾಗಿ ನಡೆಯಿತೇ ಎಂದು ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ, 2020ರಲ್ಲಿ ಟ್ರಂಪ್ ಮತದಾರರಲ್ಲಿ ಹೌದು ಎಂದವರು ಶೇ 21. 2024ರಲ್ಲಿ ಶೇ 93. ನಡುವೆ ಬದಲಾದದ್ದು ಯಂತ್ರಗಳೂ ಅಲ್ಲ, ಲಕೋಟೆಗಳೂ ಅಲ್ಲ. ಅದೇ ಶಾಲೆಯ ವ್ಯಾಯಾಮ ಕೋಣೆ, ಅದೇ ಬಸ್ ಚಾಲಕ, ಅದೇ ದಾದಿ. ಬದಲಾದದ್ದು ಗೆದ್ದವರ ಹೆಸರು. ನಂಬಿಕೆ ಎನ್ನುವುದು ಎಣಿಕೆಯನ್ನು ನೋಡಿ ಹುಟ್ಟುತ್ತಿಲ್ಲ, ಫಲಿತಾಂಶ ನೋಡಿ ಹುಟ್ಟುತ್ತಿದೆ. ಗೆದ್ದರೆ ಜನಾದೇಶ, ಸೋತರೆ ಇವಿಎಂ ಎನ್ನುವ ರಾಗ ನಿಮಗೂ ಹೊಸದಲ್ಲವಲ್ಲ.

ಇದು ಒಂದೇ ಪಕ್ಷದ ರೋಗವೇ? ಇಬ್ಬರನ್ನೂ ಸಮವಾಗಿ ತೂಗಿ ಜಾಣನೆನಿಸಿಕೊಳ್ಳುವ ಆಸೆ ನನಗಿಲ್ಲ. ಸೋತ ಅಧ್ಯಕ್ಷ ಅಧಿಕಾರ ಬಿಡದಿರಲು ಯತ್ನಿಸಿದ್ದು, ಬೆಂಬಲಿಗರು 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ್ದು, ಆ ಪ್ರಕರಣಗಳ ಸುಮಾರು 1,500 ಮಂದಿಗೆ 2025ರ ಜನವರಿಯಲ್ಲಿ ಕ್ಷಮಾದಾನ ಸಿಕ್ಕಿದ್ದು, ಇದಕ್ಕೆ ಇನ್ನೊಂದು ಕಡೆಯಲ್ಲಿ ಜೋಡಿಯಿಲ್ಲ. ಆದರೆ ಅನುಮಾನದ ಬೀಜ ಎರಡೂ ಹೊಲಗಳಲ್ಲಿ ಬಿದ್ದಿದೆ. 2005ರಲ್ಲಿ ಒಹಾಯೊ ಫಲಿತಾಂಶಕ್ಕೆ ಸಂಸತ್ತಿನಲ್ಲಿ ಆಕ್ಷೇಪ ಎತ್ತಿದವರು ಡೆಮಾಕ್ರಟರು. 2016ರ ನಂತರ ರಷ್ಯಾ ಮತಗಳನ್ನೇ ತಿದ್ದಿತು ಎಂದು ನಂಬಿದ ನನ್ನ ಸಹೋದ್ಯೋಗಿಗಳಿದ್ದರು. ರಷ್ಯಾ ಪ್ರಚಾರದಲ್ಲಿ ಕೈಯಾಡಿಸಿದ್ದು ನಿಜ, ಮತ ತಿದ್ದಿದ್ದಕ್ಕೆ ಪುರಾವೆ ಇಲ್ಲ. 2018ರಲ್ಲಿ ಜಾರ್ಜಿಯಾದ ಗವರ್ನರ್ ಚುನಾವಣೆಯಲ್ಲಿ ಸ್ಟೇಸಿ ಏಬ್ರಮ್ಸ್ ಸುಮಾರು 55 ಸಾವಿರ ಮತಗಳಿಂದ ಸೋತರೂ ಸೋಲೊಪ್ಪಿದೆ ಎನ್ನಲಿಲ್ಲ. ಅವರ ಸಿಟ್ಟಿಗೆ ಕಾರಣವೂ ಇತ್ತು: ಎದುರಾಳಿ ಬ್ರಯನ್ ಕೆಂಪ್ ಆಗ ಅದೇ ರಾಜ್ಯದ ಚುನಾವಣೆಗಳ ಉಸ್ತುವಾರಿ ಹೊತ್ತಿದ್ದ ಅಧಿಕಾರಿ. ಬ್ಯಾಟು ಹಿಡಿದವನೇ ಅಂಪೈರ್!

ನನ್ನ ಪ್ರಕಾರ ಬೇರು ಇರುವುದು ಅಲ್ಲೇ. ನಮ್ಮಲ್ಲಿ ಸಂವಿಧಾನದ 324ನೇ ವಿಧಿ ಇದೆ, ಒಂದು ಚುನಾವಣಾ ಆಯೋಗವಿದೆ. ಅದರ ಬಗ್ಗೆ ಈಗ ಎಷ್ಟೇ ಜಗಳವಿದ್ದರೂ ದೂರು ಒಯ್ಯಲು ಒಂದು ಬಾಗಿಲಿದೆ. ಅಮೆರಿಕದ ಸಂವಿಧಾನ ಚುನಾವಣೆ ನಡೆಸುವುದನ್ನು ರಾಜ್ಯಗಳಿಗೆ ಬಿಟ್ಟಿತು. ಬಹುಪಾಲು ರಾಜ್ಯಗಳಲ್ಲಿ ಚುನಾವಣೆಯ ಮುಖ್ಯಾಧಿಕಾರಿ ಪಕ್ಷದ ಚಿಹ್ನೆಯ ಮೇಲೆಯೇ ಗೆದ್ದು ಬಂದವರು. ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಬರೆಯುವವರು ಆ ಗಡಿಯೊಳಗೆ ಗೆಲ್ಲಬೇಕಾದ ಪಕ್ಷದವರು. ಈ ಪಕ್ಷಪಾತವನ್ನು ತಡೆಯುವುದು ತಮ್ಮ ಕೆಲಸವಲ್ಲ ಎಂದು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಲ್ಲಿ ಹೇಳಿತು. 2025ರಲ್ಲಿ ಟೆಕ್ಸಸ್‌ನ ರಿಪಬ್ಲಿಕನ್ನರು ಜನಗಣತಿಗೂ ಕಾಯದೆ ಐದು ಸ್ಥಾನಗಳ ಆಸೆಗೆ ನಕ್ಷೆ ತಿದ್ದಿದರು. ಕ್ಯಾಲಿಫೋರ್ನಿಯಾದ ಡೆಮಾಕ್ರಟರು ಜನಮತ ಪಡೆದು ತಮ್ಮ ನಕ್ಷೆಯನ್ನೂ ತಿದ್ದಿಕೊಂಡರು. ಅಂಚೆ ಮತದ ಮೋಸಕ್ಕೆ ಹೆದರುವ ಜನ ಈ ಹಾಡುಹಗಲಿನ ಕೆಲಸಕ್ಕೆ ಅಷ್ಟು ಹೆದರದಿರುವುದು ನನಗೆ ಇಂದಿಗೂ ಅಚ್ಚರಿ.

ಇದರ ಮೇಲೆ ಕೂದಲೆಳೆಯ ಅಂತರಗಳು. ಅಲ್ಲಿ ಅಧ್ಯಕ್ಷರು ಗೆಲ್ಲುವುದು ದೇಶದ ಒಟ್ಟು ಮತದಿಂದಲ್ಲ, ರಾಜ್ಯವಾರು ಪ್ರತಿನಿಧಿಗಳ ಮತದಿಂದ. ಹಾಗಾಗಿ 2000ದಲ್ಲಿ ಫ್ಲಾರಿಡಾದ 537 ಮತಗಳ ಅಂತರವೇ ಅಧ್ಯಕ್ಷರನ್ನು ಆರಿಸಿತು. ಇಡೀ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಪಡೆದ ಅಲ್ ಗೋರ್ ಸೋತರು. ಇನ್ನೊಂದು ಕಡೆ, ಪಕ್ಷ ಎನ್ನುವುದು ಈಗ ಅಲ್ಲಿ ಜಾತಿಯ ಹಾಗೆ ಆಗಿದೆ. ನಿಮ್ಮ ಮಕ್ಕಳು ಆ ಪಕ್ಷದವರನ್ನು ಮದುವೆಯಾದರೆ ಬೇಸರವೇ ಎಂದು 1960ರಲ್ಲಿ ಕೇಳಿದಾಗ ಹೌದೆಂದವರು ನೂರಕ್ಕೆ ಐದು ಮಂದಿ. 2010ರಲ್ಲಿ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧ, ಡೆಮಾಕ್ರಟರಲ್ಲಿ ಮೂರರಲ್ಲೊಂದು ಪಾಲು. ಹೆಣ್ಣು ಕೊಟ್ಟು ತರಲಾಗದವರ ಕೈಗೆ ರಾಜ್ಯ ಕೊಡುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ?

ಇಷ್ಟು ವರ್ಷ ಈ ಗಾಡಿ ಓಡಿದ್ದು ಬಹುಮಟ್ಟಿಗೆ ಸೋತವರ ಮರ್ಯಾದೆಯಿಂದ. ರಾಜ್ಯಗಳು ಕಳಿಸಿದ ಆ ಪ್ರತಿನಿಧಿ ಮತಗಳನ್ನು ಸಂಸತ್ತಿನಲ್ಲಿ ಓದಿ ಹೇಳುವ ಸಭೆಗೆ ಉಪಾಧ್ಯಕ್ಷರು ಕೂರಬೇಕು. 1961ರಲ್ಲಿ ನಿಕ್ಸನ್, 2001ರಲ್ಲಿ ಗೋರ್, 2025ರಲ್ಲಿ ಕಮಲಾ ಹ್ಯಾರಿಸ್ ತಮ್ಮ ಸೋಲನ್ನು ತಾವೇ ಓದಿದರು. ಗೋರ್ ಅಂತೂ ತನ್ನ ಪರವಾಗಿ ಬಂದ ಆಕ್ಷೇಪಗಳನ್ನು ತಾನೇ ತಳ್ಳಿಹಾಕುತ್ತ ಕೂತಿದ್ದರು. 2021ರಲ್ಲಿ ಬೈಡನ್ ಗೆಲುವನ್ನು ಒಪ್ಪಬೇಡಿ ಎಂದು ಆಗಿನ ಉಪಾಧ್ಯಕ್ಷ ಮೈಕ್ ಪೆನ್ಸ್ ಮೇಲೆ ಎಂಥ ಒತ್ತಡ ಬಂತೆಂದರೆ ಮರ್ಯಾದೆಯೊಂದನ್ನೇ ನಂಬಿ ಕೂರುವ ಹಾಗಿಲ್ಲ ಎಂದು ಎರಡೂ ಪಕ್ಷಗಳಿಗೆ ಅರಿವಾಯಿತು. 2022ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದಿದರು: ಉಪಾಧ್ಯಕ್ಷರದು ಓದುವ ಕೆಲಸ ಮಾತ್ರ. ಮೊದಲು ಪ್ರತಿ ಸದನದಿಂದ ಒಬ್ಬೊಬ್ಬರು ಎದ್ದು ನಿಂತರೆ ಆಕ್ಷೇಪಕ್ಕೆ ಸಾಕಿತ್ತು, ಈಗ ಐದನೇ ಒಂದು ಭಾಗ ಬೇಕು. ಇದು ಒಳ್ಳೆಯ ಬೇಲಿ. ಆದರೆ ಅಧ್ಯಕ್ಷೀಯ ಚುನಾವಣೆಯ ಕೊನೆಯ ದಿನಕ್ಕೆ ಮಾತ್ರ ಹಾಕಿದ ಬೇಲಿ.

ಇನ್ನು ನಿಮ್ಮ ಮನೆಯ ಮಾತು. ಮೊದಲು ಅಳಿಯ, ಏಕೆಂದರೆ ಅಪಾಯ ಅವರಿಗೇ ಹೆಚ್ಚು. ಪೌರರಲ್ಲದವರು ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ. ಪೌರನೆಂದು ಸುಳ್ಳು ಹೇಳಿ ನೋಂದಾಯಿಸಿಕೊಂಡರೂ ಗ್ರೀನ್ ಕಾರ್ಡ್ ಹೋಗಿ ಗಡೀಪಾರಾಗಬಹುದು. ಚಾಲನಾ ಪರವಾನಗಿಯ ಕೌಂಟರಿನಲ್ಲಿ ಪರದೆಯ ಮೇಲೆ ‘ಮತದಾರರಾಗುತ್ತೀರಾ’ ಎಂದು ಬಂದಾಗ ಅವಸರದಲ್ಲಿ ಹೌದು ಒತ್ತಿ ಸಿಕ್ಕಿಕೊಂಡವರಿದ್ದಾರೆ. ಪೆನ್ಸಿಲ್ವೇನಿಯಾದ ಆ ವ್ಯವಸ್ಥೆಯಲ್ಲೇ ಲೋಪವಿತ್ತು ಎಂದು ರಾಜ್ಯ 2017ರಲ್ಲಿ ಒಪ್ಪಿಕೊಂಡಿತು. ಅವರು ಆ ಗುಂಡಿಯನ್ನು ಮುಟ್ಟದಿರಲಿ. ಅಂದಹಾಗೆ, ಇಂಥವರಿಂದಲೇ ಫಲಿತಾಂಶ ತಿರುಗುತ್ತಿದೆ ಎನ್ನುವ ಮಾತನ್ನು ಜಾರ್ಜಿಯಾ 2024ರಲ್ಲಿ ಪರೀಕ್ಷಿಸಿತು: 82 ಲಕ್ಷ ಹೆಸರುಗಳಲ್ಲಿ ಪೌರರಲ್ಲದವರು 20.

ಮಗಳು ಅಂಚೆಯಲ್ಲಿ ಮತ ಹಾಕಬಹುದು, ಇಲ್ಲವೇ ಮತಗಟ್ಟೆಗೆ ಹೋಗಬಹುದು. ಅಂಚೆಯಲ್ಲಿ ಕಳ್ಳರಿಗಿಂತ ಹೆಚ್ಚಿನ ಅಪಾಯ ಮರೆವಿನದು. ಒಳಲಕೋಟೆ ಮರೆತರೆ ಪೆನ್ಸಿಲ್ವೇನಿಯಾದಲ್ಲಿ ಆ ಮತ ಎಣಿಕೆಗೆ ಬರುವುದಿಲ್ಲ. ಹೊರಲಕೋಟೆಯ ಮೇಲಿನ ದಿನಾಂಕದ ಬಗ್ಗೆ ನ್ಯಾಯಾಲಯಗಳು ವರ್ಷಗಟ್ಟಲೆ ಜಗ್ಗಾಡಿವೆ. ಆ ಗೋಜೇ ಬೇಡ, ಸಹಿ ಮತ್ತು ದಿನಾಂಕ ಎರಡನ್ನೂ ಬರೆಯಲಿ. ಮತದಾನದ ರಾತ್ರಿ ಎಂಟರೊಳಗೆ ಅದು ಕಚೇರಿ ತಲುಪಿರಬೇಕು, ಅಂಚೆಮುದ್ರೆ ಇದ್ದರೆ ಸಾಲದು. ಮೊದಲ ಮತವಾದ್ದರಿಂದ ಮತಗಟ್ಟೆಗೇ ಹೋಗಲಿ ಎಂಬುದು ನನ್ನ ಮಾತು. ನೋಂದಣಿಗೆ ಮತದಾನಕ್ಕೆ 15 ದಿನ ಮೊದಲು ಗಡುವು. ಪಕ್ಷದ ಹೆಸರು ಬರೆಯದಿದ್ದರೆ ಒಳಚುನಾವಣೆಯಲ್ಲಿ ಮತವಿಲ್ಲ. ಬರೆದರೆ ಅದು ಯಾರು ಬೇಕಾದರೂ ಪಡೆಯಬಹುದಾದ ದಾಖಲೆ. ಕನ್ನಡ ಕೂಟದ ಗೆಳೆಯರಿಗೂ ಗೊತ್ತಾಗಬಹುದು. ಅದನ್ನು ಅವಳೇ ತೂಗಿ ನೋಡಲಿ.

ಮತಗಟ್ಟೆಯ ಕೆಲಸ ಬೇಡ ಎನ್ನಬೇಕೇ? ನಿಮ್ಮ ಭಯ ಸುಳ್ಳಲ್ಲ. ಅಟ್ಲಾಂಟಾದಲ್ಲಿ ರೂಬಿ ಫ್ರೀಮನ್ ಮತ್ತು ಶೇ ಮಾಸ್ ಎಂಬ ತಾಯಿ–ಮಗಳು 2020ರಲ್ಲಿ ಮತ ಎಣಿಸುತ್ತಿದ್ದರು. ತಾಯಿ ಮಗಳ ಕೈಗೆ ಏನೋ ಚಿಕ್ಕದನ್ನು ದಾಟಿಸಿದ ವಿಡಿಯೊ ತೋರಿಸಿ, ಅದು ಯುಎಸ್‌ಬಿ ಎಂದು ಟ್ರಂಪ್ ವಕೀಲ ರೂಡಿ ಜೂಲಿಯಾನಿ ಸಾರಿದರು. ಅದು ಶುಂಠಿ ಪೆಪ್ಪರಮೆಂಟು. ಕೊಲೆ ಬೆದರಿಕೆಗಳು ಬಂದು ತಾಯಿ ಮನೆ ಬಿಟ್ಟು ಹೋಗಬೇಕಾಯಿತು. 2023ರಲ್ಲಿ ಜೂಲಿಯಾನಿ ಇವರಿಬ್ಬರಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕು ಎಂದು ನ್ಯಾಯದರ್ಶಿಗಳು ಹೇಳಿದರು, ಸರಿ, ಆದರೆ ಆ ಎರಡು ಜೀವಗಳು ಪಟ್ಟ ಪಾಡು ವಾಪಸಾಗುವುದಿಲ್ಲ. ಇಂಥ ಬಿಸಿ ತಟ್ಟುವುದು ಹೆಚ್ಚಾಗಿ ದೊಡ್ಡ ನಗರಗಳ ಎಣಿಕೆ ಕೇಂದ್ರಗಳಿಗೆ, ಜಿಲ್ಲಾ ಕಚೇರಿಗಳ ಅಧಿಕಾರಿಗಳಿಗೆ. ಬಡಾವಣೆಯ ಮತಗಟ್ಟೆಯಲ್ಲಿ ಆರು ಸಲ ಕೂತ ನನಗೆ ಬಂದ ಅತಿ ದೊಡ್ಡ ಬೆದರಿಕೆ ಪೆನ್ನು ಸರಿಯಿಲ್ಲ ಎಂದು ಕೂಗಾಡಿದ ಅಜ್ಜಿಯದು. ನಾನಾಗಿದ್ದರೆ ಹೋಗು ಎನ್ನುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಹತ್ತು ದಾಟುತ್ತದೆ, ಭತ್ಯೆ ಅಷ್ಟಕ್ಕಷ್ಟೆ. ಬುತ್ತಿ ಕಟ್ಟಿಕೊಂಡು ಹೋಗಬೇಕು ಎನ್ನುವುದನ್ನು ನೀವೇ ಹೇಳಿಕೊಡಬಲ್ಲಿರಿ.

ಅಳಿಯನೊಡನೆ 2020ರ ವಾದ ಬೇಡ. ಅದರಲ್ಲಿ ಯಾರೂ ಗೆದ್ದಿದ್ದನ್ನು ನಾನು ಕಂಡಿಲ್ಲ. 2026ರ ನವೆಂಬರ್ 3ರ ರಾತ್ರಿ ಮತಗಟ್ಟೆಯ ಬಾಗಿಲಿಗೆ ಅಂಟಿಸಿದ ಚೀಟಿಯ ಫೋಟೊವನ್ನು ಮಗಳು ತೆಗೆಯಲಿ. ಎರಡು ಮೂರು ದಿನ ಬಿಟ್ಟು ಕೌಂಟಿಯ ಜಾಲತಾಣದಲ್ಲಿ ಅದೇ ಮತಗಟ್ಟೆಯ ಅಂಕಿಗಳನ್ನು ತೆರೆದು, ಅಳಿಯನೇ ತಾಳೆ ನೋಡಲಿ. ಅಂಚೆ ಮತಗಳ ಅಂಕಣ ಬೇರೆ ಇರುತ್ತದೆ, ಮತದಾನದ ದಿನದ ಅಂಕಣವನ್ನು ನೋಡಬೇಕು. ಹೊಂದದಿದ್ದರೆ ಕೌಂಟಿ ಕಚೇರಿಗೆ ಫೋನ್ ಮಾಡಿ ಕೇಳಬಹುದು, ಅದಕ್ಕೆ ಪೌರತ್ವ ಬೇಕಿಲ್ಲ.